ಮಕ್ಕಳಿಗೆ ಕಾಲ್ಚೆಂಡಾಟ ಕಲಿಸಹೊರಟವರಿಗೆ

ಶಾಲೆಗಳು ತೆರೆದು ಒಂದೆರಡು ವಾರ ಕಳೆಯುವ ಹೊತ್ತಿಗೆ ನಮ್ಮ ಊರುಗಳ ಬಡಾವಣೆಗಳಲ್ಲಿ ಒಂದು ಮಾತು ಏಳುವುದುಂಟು. ಹದಿನೈದಿಪ್ಪತ್ತು ಮಕ್ಕಳು ಬಯಲಿನಲ್ಲಿ ಚೆಂಡು ಒದೆಯುತ್ತಿರುತ್ತಾರೆ. ಜಗಳವಾಗುತ್ತದೆ, ಯಾರದೋ ಮನೆಯ ಕಿಟಕಿಯ ಗಾಜು ಒಡೆಯುತ್ತದೆ, ದೊಡ್ಡ ಹುಡುಗರು ಸಣ್ಣವರನ್ನು ಗದರಿಸಿ ಓಡಿಸುತ್ತಾರೆ. ಆಗ ನಾಲ್ಕು ಮನೆಯವರು ಸೇರಿ, “ವಾರಕ್ಕೆ ಎರಡು ಸಂಜೆ ಯಾರಾದರೊಬ್ಬರು ನಿಂತು ಈ ಮಕ್ಕಳಿಗೆ ಕ್ರಮವಾಗಿ ಆಟ ಹೇಳಿಕೊಡಬಾರದೆ?” ಎನ್ನುತ್ತಾರೆ. ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಕೊನೆಗೆ ಬ್ಯಾಂಕಿನ ಗುಮಾಸ್ತರೊಬ್ಬರೋ, ಔಷಧದ ಅಂಗಡಿಯವರೋ, ಮಕ್ಕಳ ಪೈಕಿ ಒಬ್ಬಳ ತಾಯಿಯೋ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡ ರಾತ್ರಿಯೇ ಅವರಿಗೆ ಚಿಂತೆ ಹತ್ತುತ್ತದೆ: “ನಾನು ಯಾವ ಕ್ಲಬ್ಬಿಗೂ ಆಡಿದವನಲ್ಲ, ನನಗೇನು ಗೊತ್ತೆಂದು ಕಲಿಸಲಿ?”

ಅಂಥವರನ್ನು ಉದ್ದೇಶಿಸಿ ಈ ನಾಲ್ಕು ಮಾತು. ಹೇಳುತ್ತಿರುವವನು ಕನ್ನಡ ಪಂಡಿತ, ಆಟದ ಮೇಷ್ಟರಲ್ಲ. ಆದರೆ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದ ಶಾಲೆಗಳಲ್ಲಿ ಸಂಜೆಯ ಸೀಟಿ ಬಹುಮಟ್ಟಿಗೆ ಭಾಷಾ ಪಂಡಿತರ ಕೊರಳಿಗೇ ಬೀಳುತ್ತದೆ. ವ್ಯಾಕರಣಕ್ಕೆ ಮನೆಪಾಠ ಕೇಳುವವರು ಇಲ್ಲವಾದ್ದರಿಂದ ಅವರಿಗೆ ಸಂಜೆ ಬಿಡುವಿರುತ್ತದೆಂದು ಮುಖ್ಯೋಪಾಧ್ಯಾಯರ ಎಣಿಕೆ ಇರಬಹುದು. ಹೀಗೆ ಅನೇಕ ವರ್ಷ ಬಯಲಿನಲ್ಲಿ ನಿಂತು ನೋಡಿದ್ದರ ಮೇಲೆ, ಬಲ್ಲವರಿಂದ ಕೇಳಿ ಓದಿ ತಿಳಿದದ್ದರ ಮೇಲೆ ಹೇಳುತ್ತಿದ್ದೇನೆ.

ಮೊದಲು ಪದದ ವಿಚಾರ. ‘ಕೋಚ್’ ಎಂಬುದು ಹಂಗೇರಿ ದೇಶದ ಕೊಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಯ ಹೆಸರಿನಿಂದ ಬಂದದ್ದು. ವಿದ್ಯಾರ್ಥಿಯನ್ನು ಪರೀಕ್ಷೆಯೆಂಬ ಊರಿಗೆ ಹೊತ್ತು ಮುಟ್ಟಿಸುವ ಮನೆಪಾಠದ ಮೇಷ್ಟರಿಗೆ ಆಕ್ಸ್‌ಫರ್ಡಿನ ಹುಡುಗರು ಹತ್ತೊಂಬತ್ತನೆಯ ಶತಮಾನದಲ್ಲಿ ತಮಾಷೆಗೆ ಆ ಹೆಸರಿಟ್ಟರು. ಆಟದ ಬಯಲಿಗೆ ಅದು ಆಮೇಲೆ ಬಂದಿತು. ಅಮೆರಿಕದವರು ಈ ಆಟಕ್ಕೆ ಹೇಳುವ ‘ಸಾಕರ್’ ಎಂಬುದೂ ಅಂಥದೇ ಹುಡುಗರು ‘ಅಸೋಸಿಯೇಷನ್’ ಎಂಬ ಪದವನ್ನು ಮೊಟಕುಮಾಡಿ ಕಟ್ಟಿದ್ದು. ನಮ್ಮ ‘ತರಬೇತಿ’ ಮಾತ್ರ ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಪದ. ಅದರ ಮೂಲದ ಅರ್ಥ ಸಾಕುವುದು, ಬೆಳೆಸುವುದು. ಎರಡು ಪದಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಳೆಯ ಮಕ್ಕಳ ಮಟ್ಟಿಗೆ ನಮ್ಮದೇ ಹೆಚ್ಚು ಹೊಂದುತ್ತದೆಂದು ನನಗೆ ತೋರುತ್ತದೆ. ಹತ್ತು ವರ್ಷದ ಮಗುವನ್ನು ಎಲ್ಲಿಗೂ ಹೊತ್ತು ಮುಟ್ಟಿಸಬೇಕಾದ್ದಿಲ್ಲ. ಅದು ಮುಂದಿನ ವಾರವೂ ತಾನಾಗಿ ಬಯಲಿಗೆ ಬರಬೇಕು, ಬಂದಾಗ ಅದರ ಕಾಲಿಗೆ ಚೆಂಡು ಸಿಕ್ಕಬೇಕು. ಹೊಸ ತರಬೇತುದಾರನ ಕೆಲಸದ ತೂಕವೆಲ್ಲ ಇರುವುದು ಇಲ್ಲಿಯೇ.

‘ಕಾಲಿಗೆ ಚೆಂಡು ಸಿಕ್ಕಬೇಕು’ ಎಂಬುದು ಹೇಳಲು ಸುಲಭ. ನಮ್ಮ ಬಯಲುಗಳಲ್ಲಿ ನಡೆಯುವುದು ಬೇರೆ. ಹೊಸಬರು ಮೊದಲ ದಿನ ಮಾಡುವುದು ಏನೆಂದರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಾಗಿ ಬಂದು ಗೋಲಿಗೆ ಒದೆಯಿರಿ ಎನ್ನುವುದು. ನೋಡುವವರಿಗೆ ಶಿಸ್ತಾಗಿ ಕಾಣುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. ಇಪ್ಪತ್ತು ಮಕ್ಕಳು, ಒಂದು ಚೆಂಡು. ಒಬ್ಬನು ಚೆಂಡನ್ನು ಓಡಿಸಿಕೊಂಡು ಹೋಗಿ ಒದ್ದು, ಅದು ಹಿಂದಕ್ಕೆ ಬರಲು ಹದಿನೈದು ಸೆಕೆಂಡು ಎಂದಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ನೂರಿಪ್ಪತ್ತು ಸರದಿ, ತಲೆಗೆ ಆರು. ಅಂದರೆ ಪ್ರತಿ ಮಗುವೂ ಒಂದೂವರೆ ನಿಮಿಷ ಆಡಿ ಇಪ್ಪತ್ತೆಂಟೂವರೆ ನಿಮಿಷ ನಿಂತಿರುತ್ತದೆ. ಆ ಇಪ್ಪತ್ತೆಂಟೂವರೆ ನಿಮಿಷದಲ್ಲಿ ಅದು ಮುಂದಿನವನ ಜಡೆಯನ್ನೋ ಅಂಗಿಯನ್ನೋ ಎಳೆಯುತ್ತದೆ. ಆಗ ಮೇಷ್ಟರಿಗೆ ಸಿಟ್ಟು. ಮೂಲಕಾರಣ ಮಗುವಲ್ಲ, ಸಾಲು.

ಆದುದರಿಂದ ಸಾಲನ್ನು ಒಡೆಯಿರಿ. ಸಾಧ್ಯವಾದರೆ ಇಬ್ಬರಿಗೊಂದು ಚೆಂಡು, ಅದಕ್ಕಿಂತ ಮೇಲಾದದ್ದು ಒಬ್ಬರಿಗೊಂದು. ಎಲ್ಲ ಚೆಂಡೂ ಅಂಗಡಿಯಿಂದ ತಂದ ಹೊಸ ಚೆಂಡೇ ಆಗಿರಬೇಕಾಗಿಲ್ಲ; ಮೇಲಿನ ಚರ್ಮ ಸುಲಿದುಹೋದ ಹಳೆಯ ಚೆಂಡು ಅಭ್ಯಾಸಕ್ಕೆ ಅಷ್ಟೇ ಚೆನ್ನ. ಗಾತ್ರದಲ್ಲಿ ಮಾತ್ರ ಎಚ್ಚರಿಕೆ ಬೇಕು. ಅಂಗಡಿಯವನು ಕೇಳದಿದ್ದರೆ ಐದನೆಯ ನಂಬರಿನ ಚೆಂಡನ್ನೇ ಕೊಟ್ಟುಬಿಡುತ್ತಾನೆ. ಅದು ದೊಡ್ಡವರದು, ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಎಂಟು ವರ್ಷದ ಮಗುವಿನ ಕಾಲಿಗೆ ಅದು ಕಲ್ಲುಗುಂಡು. ಎಂಟು ವರ್ಷದವರೆಗಿನವರಿಗೆ ಮೂರನೆಯ ನಂಬರು, ಅಲ್ಲಿಂದ ಹನ್ನೆರಡರವರೆಗೆ ನಾಲ್ಕನೆಯ ನಂಬರು ಎಂಬುದು ಸಾಮಾನ್ಯವಾಗಿ ಅನುಸರಿಸುವ ಕ್ರಮ. ಚೆಂಡು ಕಾಲಿಗೆ ಒಗ್ಗಿದರೆ ಮಗು ಬಾಗಿಲ ಮುಂದೆಯೂ ಅದನ್ನು ತಟ್ಟುತ್ತಿರುತ್ತದೆ. ಒಗ್ಗದಿದ್ದರೆ ತುದಿಗಾಲಿನಿಂದ ಚುಚ್ಚಿ ಒದೆಯುವ ಅಭ್ಯಾಸ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸಲು ಎರಡು ವರ್ಷ ಬೇಕು.

ಇನ್ನು ಉಳಿದ ಸಾಮಗ್ರಿ: ಗುರುತಿಗೆ ಇಟ್ಟಿಗೆಯ ತುಂಡನ್ನು ಇಡಬೇಡಿ, ಎಡವಿದವನ ಮೊಳಕಾಲು ಹೋಗುತ್ತದೆ. ಬಿಚ್ಚಿಟ್ಟ ಚಪ್ಪಲಿಗಳೇ ಸಾಕು. ಎರಡು ಬಣ್ಣದ ಬಟ್ಟೆಯ ಪಟ್ಟಿಗಳು, ಒಂದು ಸೀಟಿ, ಗಾಳಿ ಹಾಕುವ ಪಂಪು, ಕುಡಿಯುವ ನೀರು, ಗಾಯಕ್ಕೆ ಹತ್ತಿ ಮತ್ತು ಬಟ್ಟೆ, ಮಕ್ಕಳ ಹೆಸರೂ ಮನೆಯವರ ದೂರವಾಣಿಯೂ ಇರುವ ಒಂದು ಹಾಜರಿ ಪುಸ್ತಕ.

ಬೂಟಿಲ್ಲದೆ ಆಡಬಹುದೆ ಎಂದು ಕೇಳುವವರಿದ್ದಾರೆ. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದ ಬಹುಮಂದಿ ಬರಿಗಾಲಿನಲ್ಲೇ ಫ್ರಾನ್ಸಿನ ಮೇಲೆ ಆಡಿದರು. ನಾವು ಸೋತದ್ದು ಕೇವಲ ಎರಡಕ್ಕೆ ಒಂದು ಗೋಲಿನಿಂದ. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಇನ್ನೊಬ್ಬ ಬೆಂಗಳೂರಿಗರಾದ ಅಹಮದ್ ಖಾನರು 1952ರ ಹೆಲ್ಸಿಂಕಿಯಲ್ಲಿಯೂ ಆಡಿದರು. ಅಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಹೊಡೆಯಿತು, ನಾವು ಹೊಡೆದ ಒಂದು ಗೋಲು ಅಹಮದ್ ಖಾನರದು. ಬರಿಗಾಲಿನ ಕಾಲ ಅಲ್ಲಿಂದಾಚೆಗೆ ಮುಗಿಯುತ್ತ ಬಂದಿತು. ಇದನ್ನು ಮಕ್ಕಳಿಗೆ ಕಥೆಯಾಗಿ ಹೇಳಬಹುದು, ಚೆನ್ನಾಗಿ ಕೇಳುತ್ತಾರೆ. ಅಭ್ಯಾಸದಲ್ಲಿ ನಿಯಮ ಇಷ್ಟೇ: ಎಲ್ಲರೂ ಬರಿಗಾಲು, ಇಲ್ಲವೆ ಎಲ್ಲರೂ ಮೆತ್ತನೆಯ ಕ್ಯಾನ್‌ವಾಸ್ ಬೂಟು. ಮೊಳೆಯಂಥ ಗುಬುಟುಗಳಿರುವ ಬೂಟು ತೊಟ್ಟವನನ್ನೂ ಬರಿಗಾಲಿನವನನ್ನೂ ಒಟ್ಟಿಗೆ ಇಳಿಸಬೇಡಿ. ಆಡಿಸುವ ಮೊದಲು ಬಯಲನ್ನು ಒಮ್ಮೆ ಅಡ್ಡಡ್ಡ ನಡೆದು ಗಾಜಿನ ಚೂರು, ಮುಳ್ಳು, ತಂತಿ ಹೆಕ್ಕಿಹಾಕಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡರೆ ಅದೂ ಒಂದು ಆಟವೇ ಆಗುತ್ತದೆ.

ಒಂದು ಗಂಟೆಯ ಅಭ್ಯಾಸ ಸಾಕು. ಅದನ್ನು ಹೀಗೆ ನಡೆಸಿ ನೋಡಿ. ಮಕ್ಕಳು ಎಲ್ಲರೂ ಒಮ್ಮೆಗೇ ಬರುವುದಿಲ್ಲ. ಎಲ್ಲರೂ ಬರಲೆಂದು ಮೊದಲು ಬಂದವನನ್ನು ಕೂರಿಸಬಾರದು. ನೀವು ಹದಿನೈದು ನಿಮಿಷ ಮುಂಚೆ ಹೋಗಿ ಚೆಂಡುಗಳನ್ನು ಬಯಲಿನಲ್ಲಿ ಬಿಟ್ಟಿರಿ. ಇಬ್ಬರಾದರೆ ಇಬ್ಬರೇ, ನಾಲ್ವರಾದರೆ ಇಬ್ಬರಿಬ್ಬರು ಎದುರುಬದುರಾಗಿ ಆಡಲಿ. ಎಲ್ಲರೂ ಸೇರಿದ ಮೇಲೆ ಇಪ್ಪತ್ತು ಹೆಜ್ಜೆಯ ಒಂದು ಚೌಕವನ್ನು ಚಪ್ಪಲಿಗಳಿಂದ ಗುರುತುಮಾಡಿ, ಒಬ್ಬೊಬ್ಬರಿಗೂ ಒಂದು ಚೆಂಡು ಕೊಟ್ಟು ಒಳಗೆ ಬಿಡಿ. ತನ್ನ ಚೆಂಡನ್ನು ಕಾಪಾಡಿಕೊಳ್ಳುತ್ತ ಬೇರೆಯವರದನ್ನು ಚೌಕದ ಹೊರಗೆ ತಟ್ಟಬೇಕು. ಚೆಂಡು ಹೊರಕ್ಕೆ ಹೋದವನು ಹೊರಗೆ ನಿಲ್ಲತಕ್ಕದ್ದಲ್ಲ; ಹಾಗೆ ಮಾಡಿದರೆ ಎಲ್ಲರಿಗಿಂತ ಹೆಚ್ಚು ಅಭ್ಯಾಸ ಬೇಕಾದ ಮಗುವೇ ಎಲ್ಲರಿಗಿಂತ ಮೊದಲು ಪ್ರೇಕ್ಷಕನಾಗುತ್ತದೆ. ಅವನು ಚೆಂಡನ್ನು ತಂದು, ಅಂಗಾಲಿನಿಂದ ಹತ್ತು ಸಲ ತಟ್ಟಿ, ಮತ್ತೆ ಒಳಕ್ಕೆ ಬರಲಿ. ಈ ಒಂದು ಆಟದಲ್ಲಿ ತಲೆಯೆತ್ತಿ ನೋಡುವುದು, ಮೈಯನ್ನು ಅಡ್ಡವಿಟ್ಟು ಚೆಂಡನ್ನು ಮರೆಮಾಡುವುದು, ಥಟ್ಟನೆ ತಿರುಗುವುದು ಎಲ್ಲವೂ ಅಡಗಿದೆ. ಇದಾವುದನ್ನೂ ನೀವು ಬಾಯಿಬಿಟ್ಟು ಹೇಳಬೇಕಾದ್ದಿಲ್ಲ.

ಮುಂದೆ ಪಾಸು ಕೊಡುವುದು. ಪಾದದ ಒಳಮಗ್ಗುಲಿನಿಂದ ತಳ್ಳುವುದನ್ನು ಒಮ್ಮೆ ನೀವೇ ಮಾಡಿ ತೋರಿಸಿ: ನಿಂತ ಕಾಲು ಚೆಂಡಿನ ಪಕ್ಕದಲ್ಲಿರಬೇಕು, ಅದರ ಬೆರಳು ಗುರಿಯ ಕಡೆ ನೋಡಬೇಕು. ನಿಮಗೆ ಬಾರದಿದ್ದರೆ ಬರುವ ಹುಡುಗಿಯನ್ನೋ ಹುಡುಗನನ್ನೋ ಕರೆದು ತೋರಿಸಲು ಹೇಳಿ. ಕಂಠಪಾಠವನ್ನು ಯಾವ ಮಗು ಚೆನ್ನಾಗಿ ಒಪ್ಪಿಸುತ್ತದೋ ಅದನ್ನೇ ಎದ್ದು ನಿಲ್ಲಿಸುವ ಪದ್ಧತಿ ನಮಗೆ ಹೊಸದೇನಲ್ಲವಷ್ಟೆ. ಆ ಮೇಲೆ ನಾಲ್ವರು ಸುತ್ತ ನಿಂತು ಒಬ್ಬನು ನಡುವೆ ಚೆಂಡಿಗಾಗಿ ಓಡಾಡುವ ಆಟವನ್ನು ಹಚ್ಚಿ. ಇಷ್ಟಕ್ಕೆ ಹತ್ತು ಹನ್ನೆರಡು ನಿಮಿಷ ಸಾಕು.

ಉಳಿದ ಅರ್ಧ ಗಂಟೆ ಪಂದ್ಯ. ಮಕ್ಕಳು ಬಂದದ್ದೇ ಅದಕ್ಕಾಗಿ. “ಚೆನ್ನಾಗಿ ಅಭ್ಯಾಸ ಮಾಡಿದರೆ ಕೊನೆಯಲ್ಲಿ ಐದು ನಿಮಿಷ ಪಂದ್ಯ” ಎಂದು ಅದನ್ನು ಪೆಪ್ಪರಮೆಂಟಿನಂತೆ ಆಸೆ ತೋರಿಸುವುದು ಸರಿಯಲ್ಲ. ಆದರೆ ಹನ್ನೊಂದು ಹನ್ನೊಂದು ಮಂದಿಯ ಪಂದ್ಯ ಬೇಡ. ಅಷ್ಟು ಜನರ ನಡುವೆ ಚುರುಕಾದ ಮೂವರು ಚೆಂಡನ್ನು ಇಟ್ಟುಕೊಂಡಿರುತ್ತಾರೆ. ಉಳಿದವರು ಮೋಡ ನೋಡುತ್ತಿರುತ್ತಾರೆ. ಇಪ್ಪತ್ತು ಮಕ್ಕಳಿದ್ದರೆ ಎರಡು ಚಿಕ್ಕ ಅಂಕಣಗಳನ್ನು ಮಾಡಿ ಐವರು ಐವರಾಗಿ ಆಡಿಸಿ. ಆರೇಳು ವರ್ಷದವರಾದರೆ ಮೂವರು ಮೂವರು, ಗೋಲ್‌ಕೀಪರೇ ಇಲ್ಲದೆ. ಇಂದು ಕಾಲ್ಚೆಂಡಾಟದಲ್ಲಿ ಮುಂದುವರಿದ ದೇಶಗಳಲ್ಲಿಯೂ ಎಳೆಯರ ಪಂದ್ಯಗಳನ್ನು ಹೀಗೆ ಕಡಮೆ ಆಟಗಾರರಿಂದ, ಚಿಕ್ಕ ಅಂಕಣದಲ್ಲಿ ಆಡಿಸುತ್ತಾರೆ.

ತಂಡ ಮಾಡುವುದರಲ್ಲಿ ಒಂದು ಸೂಕ್ಷ್ಮವಿದೆ. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳಿರೆಂದರೆ ಪ್ರತಿ ಸಂಜೆಯೂ ಕೊನೆಗೆ ಉಳಿಯುವ ಮಗು ಒಂದೇ. ಅದರ ಮುಖವನ್ನು ಆ ಹೊತ್ತಿನಲ್ಲಿ ನೋಡಿದವರು ಮತ್ತೆ ಹಾಗೆ ಮಾಡಲಾರರು. ಮೂರನೆಯ ವಾರ ಆ ಮಗುವಿಗೆ ಹೊಟ್ಟೆನೋವು. ನಾಲ್ಕನೆಯ ವಾರ ಅದು ಬರುವುದೇ ಇಲ್ಲ. ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಗೋಲು ಹೊಡೆಯುವ ಮಗುವಲ್ಲ. ನಮ್ಮ ಬೀದಿಯ ಮಕ್ಕಳೇ ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಸರಿಸಮ ಆಡುವ ಇಬ್ಬಿಬ್ಬರು ಜೋಡಿಯಾಗಿ ಮರೆಗೆ ಹೋಗಿ ಗುಟ್ಟಾಗಿ ಒಂದೊಂದು ಹೆಸರಿಟ್ಟುಕೊಂಡು, ಹೆಗಲ ಮೇಲೆ ಕೈಹಾಕಿಕೊಂಡು ಬಂದು, “ಸೂರ್ಯ ಬೇಕೋ ಚಂದ್ರ ಬೇಕೋ?” ಎಂದು ನಾಯಕನನ್ನು ಕೇಳುವುದು. ಸೂರ್ಯನೆಂದರೆ ಒಬ್ಬ ಇತ್ತ, ಚಂದ್ರ ಅತ್ತ. ತಂಡಗಳು ಸಮನಾಗುತ್ತವೆ, ಕೊನೆಗೆ ಉಳಿದವನೆಂಬ ಅವಮಾನ ಯಾರಿಗೂ ಇಲ್ಲ. ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಯಾವ ಕೈಪಿಡಿಯಲ್ಲಿಯೂ ನೋಡಲಿಲ್ಲ. ಗೋಲು ಕಾಯುವ ಸರದಿಯೂ ಹಾಗೆಯೇ ಎಲ್ಲರಿಗೂ ಸುತ್ತಬೇಕು. ದಪ್ಪಗಿರುವ ಮಗುವನ್ನು ದಿನವೂ ಗೋಲಿನಲ್ಲಿ ನಿಲ್ಲಿಸುವುದು ನಮ್ಮ ಬಯಲುಗಳ ಹಳೆಯ ಕೆಟ್ಟ ಚಾಳಿ.

ಏರ್ಪಾಡಿನಿಂದ ಆಟ ಕಲಿಸಬಹುದೆಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಭಾರತ ತಂಡವನ್ನು ಬೆಳೆಸಿದವರು. 1951ರಲ್ಲಿ ದೆಹಲಿಯಲ್ಲಿಯೂ 1962ರಲ್ಲಿ ಜಕಾರ್ತಾದಲ್ಲಿಯೂ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದ, 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡಗಳು ಅವರ ಕೈಯಲ್ಲಿ ಪಳಗಿದವು. ಹೈದರಾಬಾದಿನಲ್ಲಿ ಅವರು ಏರ್ಪಡಿಸುತ್ತಿದ್ದ ಪಂದ್ಯಾವಳಿಗಳಲ್ಲಿ ಕೆಲವು ವಿಚಿತ್ರವಾಗಿದ್ದುವು. ಒಂದರಲ್ಲಿ ಬಲಗಾಲಿನವನು ಎಡಗಾಲಿನಿಂದಲೇ, ಎಡಗಾಲಿನವನು ಬಲಗಾಲಿನಿಂದಲೇ ಆಡಬೇಕು. ಇನ್ನೊಂದರಲ್ಲಿ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಓಡುವಂತಿಲ್ಲ, ಬಂದೊಡನೆ ಕೊಟ್ಟುಬಿಡಬೇಕು. “ಎಡಗಾಲನ್ನೂ ಬಳಸೋ” ಎಂದು ನೂರು ಸಲ ಕೂಗುವುದಕ್ಕೂ ಅಂಥ ಒಂದು ನಿಯಮವನ್ನು ಮಾಡಿಬಿಡುವುದಕ್ಕೂ ಇರುವ ಅಂತರ ನೋಡಿ. ನೀವೂ ಹತ್ತು ನಿಮಿಷ ಹಾಗೆ ಆಡಿಸಬಹುದು. ಎಲ್ಲರೂ ಎಡವುತ್ತಾರೆ, ಎಲ್ಲರೂ ನಗುತ್ತಾರೆ. ಆ ಹತ್ತು ನಿಮಿಷ ಚುರುಕಿನ ಹುಡುಗನೂ ಮಂದನೂ ಒಂದೇ ಮಟ್ಟದಲ್ಲಿರುತ್ತಾರೆ.

ಇದರಿಂದ ಮಾತಿನ ವಿಚಾರಕ್ಕೆ ಬರುತ್ತೇವೆ. ಬಾನುಲಿಯಲ್ಲಿ ವೀಕ್ಷಕ ವಿವರಣೆ ಕೊಡುವವರು ಒಂದು ಕ್ಷಣವೂ ಸುಮ್ಮನಿರುವಂತಿಲ್ಲ. ಕೇಳುವವನಿಗೆ ಬಯಲು ಕಾಣುವುದಿಲ್ಲ. ನಮ್ಮ ತರಬೇತುದಾರರು ಅನೇಕರು ಅದೇ ಧಾಟಿಯಲ್ಲಿ ಗೆರೆಯ ಪಕ್ಕದಲ್ಲಿ ಓಡುತ್ತ, “ಒದಿ! ಬಿಡು! ಹಿಂದಕ್ಕೆ ಬಾ! ಅವನಿಗೆ ಕೊಡು!” ಎಂದು ಕೂಗುತ್ತಿರುತ್ತಾರೆ. ಆಡುವ ಮಗುವಿಗೆ ಬಯಲು ಕಾಣುತ್ತದೆ. ಅದು ತಾನೇ ನೋಡಿ ತೀರ್ಮಾನಿಸುವಷ್ಟರಲ್ಲಿ ನಿಮ್ಮ ಧ್ವನಿ ಬಂದು ಅದರ ತೀರ್ಮಾನವನ್ನು ಕಸಿದುಕೊಳ್ಳುತ್ತದೆ. ಒಂದು ಸಂಜೆಗೆ ಒಂದೇ ವಿಷಯ ಆರಿಸಿಕೊಳ್ಳಿ. ಇಂದು ಪಾದದ ಒಳಮಗ್ಗುಲು ಎಂದಾದರೆ ಇಂದೆಲ್ಲ ಅದೇ; ಬೇರೆ ತಪ್ಪುಗಳು ಕಂಡರೂ ನುಂಗಿಕೊಳ್ಳಿ. ನಿಲ್ಲಿಸಿ ಹೇಳಬೇಕಾದರೆ ಅರ್ಧ ನಿಮಿಷದಲ್ಲಿ ಮುಗಿಸಿ. ಮಗುವನ್ನು ಹೆಸರು ಹಿಡಿದು ಕರೆಯಿರಿ. “ಏ ಕನ್ನಡಕ”, “ಏ ಗಿಡ್ಡ” ಎನ್ನುವುದು ಆಪ್ತತೆಯೆಂದು ಕೆಲವರು ತಿಳಿದಿದ್ದಾರೆ. ಕರೆಸಿಕೊಂಡವನಿಗೆ ಹಾಗೆ ಅನ್ನಿಸುವುದಿಲ್ಲ.

ನಿಯಮಗಳಿಗೆ ಹೆದರಬೇಡಿ. ಪುಸ್ತಕದಲ್ಲಿರುವುದು ಹದಿನೇಳೇ ನಿಯಮ. ಅವುಗಳಲ್ಲಿ ಮನೆಮಂದಿಯನ್ನು ಕಂಗೆಡಿಸುವುದು ಆಫ್‌ಸೈಡ್ ಒಂದೇ. ತನ್ನ ತಂಡದವನು ಚೆಂಡನ್ನು ಒದೆದ ಕ್ಷಣದಲ್ಲಿ ಆಟಗಾರನು ಎದುರಾಳಿಗಳ ಅರ್ಧದಲ್ಲಿ ಇದ್ದು, ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಹಿಂದಿನಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಹತ್ತಿರವಾಗಿದ್ದರೆ ಅವನು ಆಫ್‌ಸೈಡ್ ಸ್ಥಾನದಲ್ಲಿದ್ದಾನೆ. ಹಿಂದಿನಿಂದ ಮೊದಲನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್ ಎಂದಿಟ್ಟುಕೊಂಡರೆ ಲೆಕ್ಕ ಸುಲಭ. ಬರಿದೆ ಅಲ್ಲಿ ನಿಂತಿರುವುದು ತಪ್ಪಲ್ಲ. ಅಲ್ಲಿಂದ ಆಟದಲ್ಲಿ ಕೈಹಾಕಿದರೆ ತಪ್ಪು. (ಕಾಲ್ಚೆಂಡಾಟದಲ್ಲಿ ‘ಕೈಹಾಕಿದರೆ’ ಎನ್ನುವುದು ಸರಿಯೆ ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದುಂಟು.) ಥ್ರೋ-ಇನ್, ಗೋಲ್ ಕಿಕ್, ಕಾರ್ನರ್ ಕಿಕ್ ಇವುಗಳಿಂದ ನೇರವಾಗಿ ಚೆಂಡು ಬಂದರೆ ಆಫ್‌ಸೈಡ್ ಇಲ್ಲ. ಐವರೈವರ ಚಿಕ್ಕ ಆಟದಲ್ಲಿ ಈ ನಿಯಮವನ್ನೇ ಬಿಟ್ಟುಬಿಡಬಹುದು. ಹತ್ತು ವರ್ಷ ದಾಟುವವರೆಗೆ ಅದರ ಗೊಡವೆ ಬೇಡ.

ಈಗ ಹೇಳುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಬೇರೆಯವರ ಮಕ್ಕಳು ಒಂದು ಗಂಟೆಯ ಕಾಲ ನಿಮ್ಮ ವಶದಲ್ಲಿರುತ್ತಾರೆ. ತಲೆಗೆ ಪೆಟ್ಟು ಬಿದ್ದ ಮಗು ಎದ್ದು ನಿಂತು “ಏನೂ ಆಗಿಲ್ಲ ಸಾರ್, ಆಡುತ್ತೇನೆ” ಎಂದೇ ಹೇಳುತ್ತದೆ. ಆಡಿಸಬಾರದು. ತಲೆನೋವು, ವಾಂತಿ, ಮಂಕು, ನಡೆಯುವಾಗ ತೂರಾಟ, ಕೇಳಿದ್ದನ್ನೇ ಮತ್ತೆ ಕೇಳುವುದು ಇವುಗಳಲ್ಲಿ ಒಂದಿದ್ದರೂ ಆ ದಿನ ಆಟ ಮುಗಿಯಿತು. ಮನೆಯವರಿಗೆ ತಿಳಿಸಿ ವೈದ್ಯರಿಗೆ ತೋರಿಸಬೇಕು. ಒಳಗೆ ಮಿದುಳು ಅದುರಿದ್ದರೆ ಹೊರಗೆ ರಕ್ತ ಕಾಣುವುದಿಲ್ಲ, ಪ್ರಜ್ಞೆ ತಪ್ಪಿರಲೇಬೇಕೆಂದೂ ಇಲ್ಲ. ತಲೆಯಿಂದ ಚೆಂಡು ಹೊಡೆಯುವುದನ್ನು ಎಳೆಯರಿಗೆ ಕಲಿಸುವ ಆತುರ ಬೇಡ. ಅಮೆರಿಕದ ಸಂಸ್ಥೆಯವರು 2015ರಲ್ಲಿ ಹತ್ತು ವರ್ಷದವರೆಗಿನ ಮಕ್ಕಳಿಗೆ ಅದನ್ನು ನಿಷೇಧಿಸಿದರು. ಇಂಗ್ಲೆಂಡಿನವರು 2020ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಅಭ್ಯಾಸದಿಂದ ಅದನ್ನು ತೆಗೆದುಹಾಕಿದರು.

ಕೈಕಾಲುಗಳ ಪೆಟ್ಟನ್ನು ಬಹಳಮಟ್ಟಿಗೆ ತಡೆಯಬಹುದು. ಏಳರಿಂದ ಹದಿಮೂರು ವರ್ಷದವರಿಗಾಗಿ ವಿಶ್ವ ಕಾಲ್ಚೆಂಡು ಸಂಸ್ಥೆಯಾದ ಫಿಫಾ ‘ಹನ್ನೊಂದು ಪ್ಲಸ್ ಕಿಡ್ಸ್’ ಎಂಬ ಅಂಗಸಾಧನೆಯ ಕ್ರಮವೊಂದನ್ನು ಬಳಕೆಗೆ ತಂದಿದೆ. ಒಂಟಿಕಾಲಿನಲ್ಲಿ ಸಮತೋಲ, ಕುಪ್ಪಳಿಸುವುದು, ಓಡುತ್ತ ಥಟ್ಟನೆ ನಿಲ್ಲುವುದು, ಬೀಳುವಾಗ ಉರುಳುವುದು, ಇಂಥವು. ಹದಿನೈದಿಪ್ಪತ್ತು ನಿಮಿಷದ ಕೆಲಸ. ಯೂರೋಪಿನ ನಾಲ್ಕು ದೇಶಗಳಲ್ಲಿ ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಯಗಳು ಸುಮಾರು ಅರ್ಧದಷ್ಟು ಕಡಮೆಯಾಗಿದ್ದುವು. ಕುಂಟಾಬಿಲ್ಲೆ ಆಡಿದ ಮಕ್ಕಳಿಗೆ ಇದರಲ್ಲಿ ಅರ್ಧ ಆಗಲೇ ಬರುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಹದಿನೈದು ನಿಮಿಷಕ್ಕೊಮ್ಮೆ ನೀರು ಕುಡಿಸಿ. ಗುಡುಗು ಕೇಳಿಸಿದರೆ ಬಯಲು ಬಿಟ್ಟು ಕಟ್ಟಡದೊಳಗೆ ಹೋಗಿ, ಮರದ ಕೆಳಗೆ ನಿಲ್ಲಬೇಡಿ. ಹೊತ್ತು ತಂದು ನಿಲ್ಲಿಸುವ ಕಬ್ಬಿಣದ ಗೋಲುಕಂಬಗಳನ್ನು ನೆಲಕ್ಕೆ ಬಿಗಿಯದೆ ಬಳಸಬೇಡಿ. ಮಕ್ಕಳು ಅಡ್ಡಪಟ್ಟಿಗೆ ಜೋತುಬೀಳುತ್ತಾರೆ, ಕಂಬ ಮಗುಚಿ ಜೀವಹಾನಿಯಾದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ.

ಇನ್ನೊಂದು ವಿಚಾರವನ್ನು ನಮ್ಮ ಹಿರಿಯರು ಬಾಯಿಬಿಟ್ಟು ಆಡುತ್ತಿರಲಿಲ್ಲ, ಇಂದು ಆಡಲೇಬೇಕು. ಒಂದು ಮಗುವಿನೊಡನೆ ನೀವು ಒಬ್ಬರೇ, ಮರೆಯಾದ ಜಾಗದಲ್ಲಿ ಇರಬಾರದು. ಅಭ್ಯಾಸ ನಾಲ್ಕು ಜನರ ಕಣ್ಣಿಗೆ ಕಾಣುವಲ್ಲಿ ನಡೆಯಬೇಕು, ಇನ್ನೊಬ್ಬ ಹಿರಿಯರು ಜೊತೆಗಿರಬೇಕು. ಮಗುವನ್ನು ಮನೆಗೆ ಬಿಡಬೇಕಾಗಿ ಬಂದರೆ ಮನೆಯವರಿಗೆ ಮೊದಲೇ ಗೊತ್ತಿರಬೇಕು. ಇದು ನಿಮ್ಮ ಮೇಲಿನ ಸಂಶಯವಲ್ಲ. ಮಗುವಿಗೂ ನಿಮಗೂ ರಕ್ಷೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯಲು 2012ರಲ್ಲಿ ಬಂದ ಕಾನೂನಿನ ಪ್ರಕಾರ ಅಂಥ ಸಂಗತಿ ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಈ ಅಂಕೆಯನ್ನು ಮಕ್ಕಳಿಗೂ ಹೇಳಿಕೊಡಿ.

ಹೆಣ್ಣುಮಕ್ಕಳ ಬಗೆಗೆ ಎರಡು ಮಾತು. “ಅವರೂ ಬರಬಹುದು” ಎಂದು ಹೇಳಿದ ಮಾತ್ರಕ್ಕೆ ಬರುವುದಿಲ್ಲ. ಸಂಜೆ ಕತ್ತಲಾಗುವ ಮುಂಚೆ ಮುಗಿಯಬೇಕು, ಹತ್ತಿರದಲ್ಲಿ ಶೌಚಾಲಯವಿರಬೇಕು, ಬಯಲಿನಲ್ಲಿ ಒಬ್ಬ ಹೆಂಗಸು ನಿಂತಿರಬೇಕು, ತೊಡುವ ಬಟ್ಟೆಯ ವಿಷಯದಲ್ಲಿ ಮನೆಯವರೊಡನೆ ಹಟ ಹಿಡಿಯದೆ ಓಡಲು ಅನುಕೂಲವಾದ ಯಾವುದಾದರೂ ಸರಿಯೆನ್ನಬೇಕು. ಒಬ್ಬಳೇ ಹುಡುಗಿ ಬಂದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಗೆಳತಿಯರ ಸಮೇತ ಮೂವರನ್ನಾದರೂ ಒಟ್ಟಿಗೆ ಕರೆತನ್ನಿ. ಆಮೇಲೆ ಅವರಿಗೆ ಚೆಂಡು ಕೊಡದೆ ತಮ್ಮತಮ್ಮಲ್ಲೇ ಆಡಿಕೊಳ್ಳುವ ಹುಡುಗರ ಮೇಲೆ ಕಣ್ಣಿಡಿ. ಪ್ರತಿ ಗೋಲಿಗೆ ಮುಂಚೆ ಚೆಂಡು ತಂಡದ ಎಲ್ಲರ ಕಾಲಿಗೂ ತಾಕಿರಬೇಕೆಂಬ ನಿಯಮವನ್ನು ಅಂದು ಜಾರಿಗೆ ತಂದರಾಯಿತು.

ಪಂದ್ಯದ ದಿನ ನಿಮಗೆ ತೊಂದರೆ ಕೊಡುವವರು ಮಕ್ಕಳಲ್ಲ, ತಂದೆಗಳು. ಗೆರೆಯ ಹೊರಗೆ ನಿಂತು ರೆಫರಿಯನ್ನು ಬಯ್ಯುವವರು, ಮಗ ಚೆಂಡು ತಪ್ಪಿಸಿಕೊಂಡಾಗ ಹಣೆ ಚಚ್ಚಿಕೊಳ್ಳುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಮೊದಲ ವಾರವೇ ಅವರನ್ನು ಕೂರಿಸಿ ವಿನಯದಿಂದ ಹೇಳಿಬಿಡಿ: ಚಪ್ಪಾಳೆ ತಟ್ಟಬಹುದು, ಸಲಹೆ ಕೊಡಬಾರದು. ಬಂದ ಎಲ್ಲ ಮಕ್ಕಳಿಗೂ ಸಮಸಮವಾಗಿ ಆಡುವ ಕಾಲ ಸಿಕ್ಕುತ್ತದೆ, ಗೆಲ್ಲುವುದಕ್ಕಾಗಿ ಯಾರನ್ನೂ ಕೂರಿಸುವುದಿಲ್ಲ ಎಂಬುದನ್ನೂ ಆಗಲೇ ಹೇಳಿ. ಪಂದ್ಯದ ನಡುವೆ ಹೇಳಿದರೆ ನೆವವಾಗಿ ಕೇಳಿಸುತ್ತದೆ.

ಹತ್ತನೆಯ ತರಗತಿ ಬಂದೊಡನೆ ಮಗುವನ್ನು ಬಯಲಿನಿಂದ ಬಿಡಿಸಿಕೊಂಡು ಹೋಗುವುದು ನಮ್ಮ ಪಟ್ಟಣಗಳ ವಾಡಿಕೆ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ವರ್ಷಗಟ್ಟಲೆ ತಿದ್ದಿದವನಾಗಿ ನನ್ನ ಅಭಿಪ್ರಾಯ ಹೇಳುವುದಾದರೆ, ವಾರಕ್ಕೆ ಎರಡು ಗಂಟೆಯ ಆಟದಿಂದ ಅಂಕ ಕಳೆದುಕೊಂಡ ಹುಡುಗನನ್ನು ನಾನು ಕಾಣೆ. ಆಟ ಬಿಡಿಸಿದ ಆ ಎರಡು ಗಂಟೆಯಲ್ಲಿ ಅವನು ಓದುತ್ತಾನೆಂದು ನಂಬುವ ತಂದೆಯವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ.

“ಕ್ರಿಕೆಟ್ಟಿನ ನಾಡಿನಲ್ಲಿ ಇದೆಲ್ಲ ಏತಕ್ಕೆ?” ಎನ್ನುವವರಿಗೆ ಒಂದು ನೆನಪು. ಮೈಸೂರು ತಂಡ 1946-47ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು, 1952-53ರಲ್ಲಿ ಮತ್ತೆ ಗೆದ್ದಿತು, 1967-68 ಮತ್ತು 1968-69ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು. ಆಮೇಲೆ ಅರ್ಧ ಶತಮಾನಕ್ಕೂ ಮೀರಿ ನಮ್ಮ ಕೈಗೆ ಅದು ಬರಲಿಲ್ಲ. 2023ರ ಮಾರ್ಚ್ ತಿಂಗಳಲ್ಲಿ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ ಕರ್ನಾಟಕ ಅದನ್ನು ಮರಳಿ ತಂದಿತು. ಬೆಂಗಳೂರಿನ ಹಲಸೂರಿನ ಹತ್ತಿರ ಗೌತಮಪುರವೆಂಬ ಬಡಾವಣೆಯಿದೆ; ಅಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಅಂಥ ಕಡೆ ಮಕ್ಕಳಿಗೆ ಆಟ ಅಂಟುವುದು ಬೀದಿಯಲ್ಲಿ, ದೊಡ್ಡವರ ಕಾಲು ನೋಡಿ. ಬೇರೆ ಬಡಾವಣೆಗಳಲ್ಲಿ ಹಾಗೆ ನೋಡಲು ಯಾರೂ ಇಲ್ಲದಿರುವುದರಿಂದಲೇ ನಿಮ್ಮಂಥವರು ಬೇಕಾಗಿರುವುದು.

ಒಂದು ವರ್ಷ ಹೀಗೆ ನಡೆಸಿ ರುಚಿ ಹತ್ತಿದ ಮೇಲೆ ಕ್ರಮವಾಗಿ ಕಲಿಯಬೇಕೆನಿಸಿದರೆ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ತರಬೇತುದಾರರ ಪಾಠಕ್ರಮಗಳಿವೆ. ಡಿ ಲೈಸೆನ್ಸ್, ಅದರಿಂದ ಮೇಲೆ ಸಿ, ಬಿ, ಎ ಎಂದು ಮೆಟ್ಟಿಲುಗಳು. ಹದಿನೆಂಟು ತುಂಬಿದವರು ಮೊದಲ ಮೆಟ್ಟಿಲಿಗೆ ಸೇರಬಹುದು. ಬೆಂಗಳೂರಿನಲ್ಲಿರುವ ರಾಜ್ಯ ಫುಟ್‌ಬಾಲ್ ಸಂಸ್ಥೆಯವರನ್ನು ವಿಚಾರಿಸಿದರೆ ಯಾವಾಗ ಎಲ್ಲಿ ನಡೆಯುತ್ತದೆಂದು ತಿಳಿಸುತ್ತಾರೆ. ಮಕ್ಕಳು ಶಾಲೆಯ ತಂಡವಾಗಿ ಬೆಳೆದರೆ 1960ರಿಂದ ನಡೆದುಬಂದಿರುವ ಸುಬ್ರತೊ ಕಪ್ ಪಂದ್ಯಾವಳಿಯಿದೆ. ಹದಿನೇಳು ವರ್ಷದೊಳಗಿನ ಹುಡುಗರಿಗೂ ಹುಡುಗಿಯರಿಗೂ ಅದರಲ್ಲಿ ಬೇರೆಬೇರೆ ವಿಭಾಗಗಳಿವೆ. ಅದೆಲ್ಲ ಆಮೇಲಿನ ಮಾತು.

ಮೊದಲ ಸಂಜೆ ಮುಗಿದಾಗ ಹಾಜರಿ ಪುಸ್ತಕದಲ್ಲಿ ಬಾರದ ಮಕ್ಕಳ ಹೆಸರಿಗೆ ಗುರುತು ಹಾಕಿ, ಮರುದಿನ ಆ ಮನೆಗಳಿಗೆ ಒಂದು ಮಾತು ಕೇಳಿಕಳಿಸಿ. ಚೆಂಡುಗಳನ್ನು ಒರೆಸಿ ಚೀಲಕ್ಕೆ ಹಾಕಿ. ಗಾಳಿ ಹಾಕುವಾಗ ಪಂಪಿನ ಸೂಜಿಯನ್ನು ನೀರಿನಲ್ಲಿ ಅದ್ದಿ ಚುಚ್ಚಿ; ಒಣಸೂಜಿಗೆ ಒಳಗಿನ ಬಾಯಿ ಹರಿಯುತ್ತದೆ. ಚೀಲವನ್ನು ಮನೆಗೆ ಒಯ್ಯುವ ಸರದಿಯನ್ನು ಮಕ್ಕಳಿಗೇ ಕೊಡಿ, ವಾರಕ್ಕೊಬ್ಬರಂತೆ. ಮುಂದಿನ ಸಂಜೆ ಆ ಮಗು ತಪ್ಪದೆ ಬರುತ್ತದೆ, ಚೆಂಡು ಅದರ ಹತ್ತಿರವೇ ಇರುತ್ತದಲ್ಲ!